ಅಮೀರಾಳ ಎಡಗಾಲಿನ ಗೆಜ್ಜೆ

ಹರಿಹರನ ಅಜ್ಜ ಜೀವಮಾನದಲ್ಲಿ ಸಾಕಿದ್ದು ಒಂದೇ ಒಂದು ಹಕ್ಕಿ. ಅದು ಗಿಳಿ. ತಿಪಟೂರಿನ ಅವರ ಕಿರಾಣಿ ಅಂಗಡಿಯ ಬಾಗಿಲಲ್ಲಿ ಪಂಜರದೊಳಗೆ ಕೂತು, ಬಂದವರಿಗೆಲ್ಲ "ಚಿಲ್ರೆ ಇಲ್ಲ, ಚಿಲ್ರೆ ಇಲ್ಲ" ಎನ್ನುತ್ತಿತ್ತು. ಪಂಜರ ತೊಳೆಯುವಾಗ ಒಂದು ದಿನ ಅದೂ ಹಾರಿಹೋಯಿತು. ಆ ವಂಶದ ಪಕ್ಷಿಶಾಸ್ತ್ರ ಇಷ್ಟೇ. ಈ ಒಂದು ಗಿಳಿಯ ಬಲದ ಮೇಲೆ ಹರಿಹರ, ಬಹ್ರೇನಿನ ಹಮದ್ ಟೌನಿನಲ್ಲಿ, ಮಾಲೀಕರ ಮನೆಯ ಮಜ್ಲಿಸ್‌ನಲ್ಲಿ, ಅಂದರೆ ಅತಿಥಿಗಳ ಕೋಣೆಯಲ್ಲಿ, ಕಾಲು ಮಡಚಿ ಕೂತು, ಗಾವಾ ಎಂಬ ಅರಬ್ಬಿ ಕಾಫಿ ಹೀರುತ್ತಾ, ತನ್ನ ಅಜ್ಜನನ್ನು ಮೈಸೂರು ಅರಮನೆಯ ಬೇಟೆ ಗಿಡುಗಗಳ ಉಸ್ತುವಾರಿಗೆ ನೇಮಿಸಿಬಿಟ್ಟ. ನೇಮಕ ಮರಣೋತ್ತರವಾದ್ದರಿಂದ ಅಜ್ಜ ತಕರಾರು ಮಾಡುವಂತಿರಲಿಲ್ಲ.

ಆದದ್ದು ಹೀಗೆ. ಸನದ್‌ನಲ್ಲಿ ಎ.ಸಿ. ಡಕ್ಟ್ ಮಾಡುವ ಒಂದು ಕಂಪನಿ. ಹಿಶಾಮ್ ಅದರ ಮಾಲೀಕರು, ಹರಿಹರ ಅಕೌಂಟೆಂಟ್. ಹಿಶಾಮ್ ಹೊಸದಾಗಿ ಒಂದು ಗಿಡುಗ ತಂದಿದ್ದರು. ಹೆಣ್ಣು, ಹೆಸರು ಅಮೀರಾ. ಕಣ್ಣಿಗೆ ಚರ್ಮದ ಟೋಪಿ ಹಾಕಿಕೊಂಡು, ಪೀಠದ ಮೇಲೆ ಕೂತು, ಸಿಬ್ಬಂದಿಯೆಲ್ಲ ತನ್ನನ್ನು ನೋಡಲು ಬಂದಿದ್ದಾರೆಂಬುದು ಗೊತ್ತಿದ್ದೂ ಗೊತ್ತಿಲ್ಲದವಳಂತೆ ಇದ್ದಳು. ಎಲ್ಲರೂ ಸರದಿಯಲ್ಲಿ "ಮಾಶಾಲ್ಲಾ" ಹೇಳಿದರು. ಸಿಯಾಲ್‌ಕೋಟಿನ ಫೋರ್‌ಮನ್ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ಮಾವ ಬೇಟೆ ಹಕ್ಕಿಗಳ ಕಾಲಿಗೆ ಲಾಹೋರ್ ಗಂಟೆ ಕಟ್ಟುತ್ತಿದ್ದರು, ಹಕ್ಕಿ ಪೊದೆಯಲ್ಲಿ ಮರೆಯಾದರೂ ಸದ್ದಿನಿಂದ ಪತ್ತೆಯಾಗುತ್ತಿತ್ತು ಎಂದ. ಹಿಶಾಮ್ ಖುಷಿಯಾಗಿ ಅವನ ಕೈಗೆ ಇನ್ನೊಂದು ಖರ್ಜೂರ ಕೊಟ್ಟರು.

ಆ ಹೆಚ್ಚಿನ ಖರ್ಜೂರ ಹರಿಹರನ ಕಣ್ಣಿಗೆ ಚುಚ್ಚಿತು.

"ಲಾಹೋರ್ ಗಂಟೆ ಒಳ್ಳೇದೇ ಸರ್," ಎಂದ. "ಆದ್ರೆ ಮೈಸೂರು ಗೆಜ್ಜೆ ಮುಂದೆ ಅದು ಸೈಕಲ್ ಬೆಲ್ಲು."

ಮಜ್ಲಿಸ್‌ನ ತಲೆಗಳೆಲ್ಲ ಅವನತ್ತ ತಿರುಗಿದವು. ಹಿಶಾಮ್ ಅವರ ಮಾತು ಅರಬ್ಬಿ, ಹಿಂದಿ, ಇಂಗ್ಲಿಷು ಮೂರನ್ನೂ ಒಂದೇ ತಟ್ಟೆಯಲ್ಲಿ ಕಲಸಿದ ಬಿರಿಯಾನಿ. ಓದುಗರ ಅನುಕೂಲಕ್ಕಾಗಿ ಕನ್ನಡದ ಎಲೆಯ ಮೇಲೆ ಬಡಿಸುತ್ತೇನೆ.

"ವಲ್ಲಾ, ಹರಿಹರ್! ನಿನಗೆ ಇದೆಲ್ಲ ಹೇಗೆ ಗೊತ್ತು?"

ಆಗಲೇ ಅಜ್ಜನ ನೇಮಕಾತಿ ಆದದ್ದು.

"ನೋಡಿ, ಎಲ್ಲರೂ ನೋಡಿ!" ಹಿಶಾಮ್ ಎದ್ದು ನಿಂತರು. "ಈ ಮನುಷ್ಯ ವರ್ಷಗಟ್ಟಲೆ ನನ್ನ ಆಫೀಸಿನ ಮೂಲೆಯಲ್ಲಿ ಕೂತು ವ್ಯಾಟ್ ಲೆಕ್ಕ ಮಾಡುತ್ತಿದ್ದಾನೆ. ಒಂದು ದಿನವಾದರೂ ಬಾಯಿಬಿಟ್ಟನಾ? ಇದು ದೊಡ್ಡ ಮನೆತನದ ಲಕ್ಷಣ. ನನಗೂ ಈ ಜಿಪಿಎಸ್ ಸಾಕಾಗಿದೆ. ಹಕ್ಕಿ ಆಕಾಶದಲ್ಲಿ, ನಾನು ಫೋನ್ ನೋಡಬೇಕಂತೆ! ಕಿವಿ ಯಾಕಿದೆ? ಹರಿಹರ್, ಅಮೀರಾಗೆ ಮೈಸೂರು ಗೆಜ್ಜೆ ನೀನೇ ಕಟ್ಟು. ಖಲಾಸ್."

ಫೋರ್‌ಮನ್ ತನ್ನ ಖರ್ಜೂರದ ಬೀಜವನ್ನು ಬಹಳ ಹೊತ್ತು ಚೀಪುತ್ತಾ ಹರಿಹರನನ್ನೇ ನೋಡಿದ.

ವಾಪಸು ಬರುವಾಗ ಕಾರು ಓಡಿಸುತ್ತಿದ್ದವನು ರೊನಾಲ್ಡ್. ಬೆಳ್ಮಣ್ಣಿನವನು, ಅದೇ ಕಂಪನಿಯ ಸ್ಟೋರ್ ನೋಡಿಕೊಳ್ಳುವವನು, ರಿಫಾದಲ್ಲಿ ಹರಿಹರನ ಪಕ್ಕದ ಫ್ಲ್ಯಾಟಿನವನು. ಎರಡನೆಯ ರೌಂಡ್‌ಅಬೌಟ್ ದಾಟುತ್ತಲೇ ಹರಿಹರನತ್ತ ಕತ್ತು ಹೊರಳಿಸಿದ.

"ಅಲ್ಲ ಮಾರಾಯ್ರೆ, ನಿಮ್ಮ ಅಜ್ಜ ಅರಮನೆಯಲ್ಲಿ ಇದ್ದದ್ದು ನನಗೆ ಗೊತ್ತೇ ಇರ್ಲಿಲ್ಲ."

"ನನಗೂ ಇವತ್ತು ಸಾಯಂಕಾಲದವರೆಗೆ ಗೊತ್ತಿರಲಿಲ್ಲ, ರೊನಾಲ್ಡ್."

"ಈಗ ಗೆಜ್ಜೆ ಎಲ್ಲಿಂದ ತರ್ತೀರಿ?"

ಹರಿಹರ ಮನಾಮಾದ ಬೆಳ್ಳಿ ಅಂಗಡಿಗಳನ್ನೆಲ್ಲ ಜಾಲಾಡಿದ. ಸಿಕ್ಕಿದ್ದು ಭರತನಾಟ್ಯದವರು ಕಟ್ಟುವ ದಪ್ಪ ಪಟ್ಟಿಯ ಗೆಜ್ಜೆ. ಅದನ್ನು ಕಟ್ಟಿದರೆ ಗಿಡುಗ ಹಾರುವುದಿರಲಿ, ಅರಂಗೇಟ್ರಂ ಮಾಡಬೇಕಾಗುತ್ತಿತ್ತು. ಸೋತು ಮನೆಗೆ ಬಂದು ಕಾಲುಚೀಲ ಹುಡುಕಲು ಬೀರು ತೆಗೆದಾಗ ಒಂದು ಪುಟ್ಟ ಬೆಳ್ಳಿಯ ಡಬ್ಬಿ ಕಣ್ಣಿಗೆ ಬಿತ್ತು.

ಆ ಡಬ್ಬಿಯಲ್ಲಿ ಇದ್ದದ್ದು ಮಗಳು ತನ್ವಿಯ ಕಾಲ್ಗೆಜ್ಜೆ. ತನ್ವಿಯದು ಎಂದರೆ ಅವಳ ಅಮ್ಮ ರಾಜೀವಿಯದು, ರಾಜೀವಿಯ ಅಮ್ಮ ನೀರಜಾಕ್ಷಿಯವರದು, ಅವರಿಗೂ ಅವರ ಅಮ್ಮನಿಂದ ಬಂದದ್ದು. ತೆಳು ಸರಪಳಿ, ಸುತ್ತ ಸಾಸಿವೆಗಿಂತ ತುಸು ದೊಡ್ಡ ಗೆಜ್ಜೆಗಳು. ಆ ಮನೆಯ ಹೆಣ್ಣುಮಕ್ಕಳ ಮೊದಲ ಹೆಜ್ಜೆ ಈ ಗೆಜ್ಜೆಯಲ್ಲೇ ಬೀಳಬೇಕು. ಮೊದಲ ಹುಟ್ಟುಹಬ್ಬದ ದಿನ ಅಜ್ಜಿಯೇ ಕಟ್ಟಬೇಕು. ಮಗು ಯಾವ ಮೂಲೆಗೆ ನುಗ್ಗಿತೆಂಬುದು ಅಡುಗೆಮನೆಯಲ್ಲಿದ್ದವರಿಗೆ ಕೇಳಲಿ ಎಂದು ಈ ಏರ್ಪಾಡು.

ಹರಿಹರನ ತಲೆಯಲ್ಲಿ ಬಲ್ಬು ಹತ್ತಿತು. ಆ ಬಲ್ಬಿನ ವೋಲ್ಟೇಜು ಯಾವಾಗಲೂ ಕಡಿಮೆಯೇ. ಗಿಡುಗಕ್ಕೆ ಗೆಜ್ಜೆ ಕಟ್ಟುವುದೂ ಇದೇ ಕಾರಣಕ್ಕಲ್ಲವೇ? ಹುಟ್ಟುಹಬ್ಬಕ್ಕೆ ಇನ್ನೂ ದಿನವಿದೆ. ಒಂದನ್ನು ಮಾತ್ರ ಒಯ್ದರಾಯಿತು. ಡಬ್ಬಿಯಲ್ಲಿ ಒಂದಿದ್ದರೆ ಇನ್ನೊಂದೂ ಇದೆಯೆಂದೇ ಹೆಂಡತಿ ತಿಳಿಯುತ್ತಾಳೆ. ಅಷ್ಟರೊಳಗೆ ಊರಿಂದ ಬೇರೆ ತರಿಸಿ ಬದಲಾಯಿಸಿದರೆ ಮುಗಿಯಿತು.

ಗೆಜ್ಜೆ ಕಟ್ಟುವ ಸಮಾರಂಭಕ್ಕೆ ಹಿಶಾಮ್ ಗೆಳೆಯರನ್ನೂ ಕರೆದಿದ್ದರು. ತಿಳಿದವರು ಗಿಡುಗದ ಕಾಲಿಗೆ ಗಂಟೆ ಕಟ್ಟುವುದು ಸಣ್ಣ ಚರ್ಮದ ಪಟ್ಟಿಯಿಂದ, ಅದೂ ಹಕ್ಕಿಗೆ ಗೊತ್ತೇ ಆಗದಷ್ಟು ನಯವಾಗಿ. ಹರಿಹರನಿಗೆ ಗೊತ್ತಿದ್ದ ಗಂಟುಗಳು ಎರಡೇ: ಶೂ ಲೇಸಿನದು ಮತ್ತು ಉಡಿದಾರದ್ದು. ಅಮೀರಾ ಶೂ ಹಾಕಿರಲಿಲ್ಲವಾದ್ದರಿಂದ, ಸರಪಳಿಯನ್ನು ಅವಳ ಎಡಗಾಲಿಗೆ ಸುತ್ತಿ ಕಪ್ಪು ದಾರದಿಂದ ಉಡಿದಾರದ ಗಂಟು ಹಾಕಿದ. ಗಂಟಿನ ಕಡೆ ಯಾರ ಗಮನವೂ ಹೋಗದಿರಲಿ ಎಂದು ತುಟಿ ಅಲ್ಲಾಡಿಸತೊಡಗಿದ.

"ಏನದು?" ಹಿಶಾಮ್ ಪಿಸುಗುಟ್ಟಿದರು.

"ಮೈಸೂರು ಮಂತ್ರ ಸರ್."

ಮಜ್ಲಿಸ್‌ನ ಗಂಭೀರ ಮೌನದಲ್ಲಿ ಹರಿಹರನ ದನಿ ಕೇಳಿಸಿತು: "ಹದಿನೇಳೊಂದ್ಲೆ ಹದಿನೇಳು... ಹದಿನೇಳೆರಡ್ಲೆ ಮೂವತ್ತನಾಲ್ಕು..."

ಮೂಲೆಯಲ್ಲಿದ್ದ ರೊನಾಲ್ಡ್ ಕೆಮ್ಮುತ್ತಾ ಹೊರಗೆ ಹೋದ. ಹಿಶಾಮ್ ಮಾತ್ರ ಕಣ್ಣು ಮುಚ್ಚಿ, ಒಂದೊಂದೇ ಪದವನ್ನು ತುಟಿಯಲ್ಲಿ ತಿರುಗಿಸುತ್ತಾ ಬಾಯಿಪಾಠ ಮಾಡಿಕೊಂಡರು. ಅಮೀರಾ ಕಾಲು ಕೊಡವಿದಳು. ಝಲ್ ಎಂದಿತು. ಮಜ್ಲಿಸ್ ಚಪ್ಪಾಳೆ ತಟ್ಟಿತು.

ಇಷ್ಟಕ್ಕೇ ನಿಂತಿದ್ದರೆ ಕಥೆಯೂ ನಿಲ್ಲುತ್ತಿತ್ತು. ಆದರೆ ಹಿಶಾಮ್ ಮೆಚ್ಚಿ, ದಿನವೂ ಆಫೀಸು ಬಿಟ್ಟ ಮೇಲೆ ಅಮೀರಾಗೆ ಊಟ ಹಾಕುವ ಗೌರವವನ್ನೂ ಅರಮನೆಯ ಮೊಮ್ಮಗನಿಗೇ ವಹಿಸಿದರು. ಊಟ ಎಂದರೆ ಹಸಿ ಲಾವಕ್ಕಿ ಮಾಂಸ. ಹರಿಹರನೋ, ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಬೇಕರಿಯವನ ಕೈಯಲ್ಲಿ ಆಣೆ ಮಾಡಿಸುವ ಪೈಕಿ.

"ರೊನಾಲ್ಡ್, ನೀನೇ ಕಾಪಾಡಬೇಕು."

"ಅದಕ್ಕೆಂತ ಮಂಡೆಬಿಸಿ? ಮಾಂಸ ನಾನು ಹಿಡೀತೇನೆ. ಆದ್ರೆ ನೀವು ಎಂತಾದ್ರೂ ಮಾಡ್ಬೇಕಲ್ಲ, ಇಲ್ಲಾಂದ್ರೆ ಸಾಹೇಬ್ರು ಅರಮನೆಗೆ ನನ್ನನ್ನೇ ಸೇರಿಸ್ಯಾರು. ನೀವೊಂದು ಕೆಲ್ಸ ಮಾಡಿ, ಆ ಇನ್ನೊಂದು ಗೆಜ್ಜೆ ತನ್ನಿ. ನೀವು ಗೆಜ್ಜೆ ಅಲ್ಲಾಡ್ಸಿ, ನಾನು ತಿನ್ನಿಸ್ತೇನೆ. ಪೂಜೆ ಮಾಡಿದ ಹಾಗೆ ಕಾಣ್ತದೆ."

ಹೀಗೆ ಎರಡನೆಯ ಗೆಜ್ಜೆಯೂ ದಿನಾ ಸಂಜೆ ಹರಿಹರನ ಜೇಬು ಸೇರಿ, ಹೊತ್ತು ಮುಳುಗುವಾಗ ಡಬ್ಬಿಗೆ ಮರಳತೊಡಗಿತು. ಹರಿಹರ ಕಣ್ಣು ಬಿಗಿಯಾಗಿ ಮುಚ್ಚಿ, ಮುಖ ಆ ಕಡೆ ತಿರುಗಿಸಿ, ಗೆಜ್ಜೆ ಅಲ್ಲಾಡಿಸುವನು. ರೊನಾಲ್ಡ್ ಕೈಗವಸು ಹಾಕಿದ ಮುಷ್ಟಿಯಲ್ಲಿ ಲಾವಕ್ಕಿ ಹಿಡಿಯುವನು. ಅಮೀರಾ ಹಾರಿ ಬಂದು ಕೂರುವಳು. ಅವಳ ಕಾಲಿನದು ಹೇಗೂ ದಿನವಿಡೀ ಸದ್ದು ಮಾಡುತ್ತಿತ್ತು, ಅದನ್ನು ಅವಳು ಲೆಕ್ಕಕ್ಕೇ ಹಿಡಿಯಲಿಲ್ಲ. ಆದರೆ ಎದುರಿನಿಂದ ಇನ್ನೊಂದು ಗೆಜ್ಜೆ ಝಲ್ ಎಂದರೆ ಊಟ ಎಂಬುದು ಅವಳ ತಲೆಯಲ್ಲಿ ಚೆನ್ನಾಗಿ ಕೂತಿತು. ಜಗತ್ತಿನ ಗಿಡುಗ ವಿದ್ಯೆಗೆ ಒಬ್ಬ ಸಸ್ಯಾಹಾರಿ ಮತ್ತು ಒಬ್ಬ ಬೆಳ್ಮಣ್ಣಿನವ ಕೂಡಿ ಕೊಟ್ಟ ಕಾಣಿಕೆ ಇದು.

ಅಷ್ಟರಲ್ಲಿ ಊರಿಂದ ಬರಬೇಕಾದ ಹೊಸ ಗೆಜ್ಜೆಯ ಬದಲು ಹಳೆಯ ಅತ್ತೆಯೇ ಬಂದಿಳಿದರು.

ನೀರಜಾಕ್ಷಿಯವರು ತಿಪಟೂರಿನ ಹೆಣ್ಣುಮಕ್ಕಳ ಹೈಸ್ಕೂಲಿನ ನಿವೃತ್ತ ಡ್ರಿಲ್ ಟೀಚರು. ನಿವೃತ್ತಿಯಾದದ್ದು ಶಾಲೆಯಿಂದ ಮಾತ್ರ, ಡ್ರಿಲ್ಲು ಮುಂದುವರಿದಿತ್ತು. ಗಲ್ಫ್ ಎಂದರೆ ಕೆಂಡ ಎಂದುಕೊಂಡು ತೆಳು ಸೀರೆಗಳನ್ನಷ್ಟೇ ತಂದಿದ್ದರು. ಜನವರಿಯ ಗಾಳಿ ಮುಖಕ್ಕೆ ಹೊಡೆದದ್ದೇ, ಅಳಿಯನ ಕಂಪನಿಯ ದಪ್ಪ ಜಾಕೆಟ್ಟನ್ನು ಸೀರೆಯ ಮೇಲೆ ಏರಿಸಿದರು. ತೋಳಿನ ತುಂಬ ಹೊಳೆಯುವ ಪಟ್ಟಿಗಳ ಆ ಜಾಕೆಟ್ಟಿನಲ್ಲಿ ಅವರು ಟ್ರಾಫಿಕ್ ನಿಲ್ಲಿಸಲು ಬಂದವರಂತೆಯೇ ಕಾಣುತ್ತಿದ್ದರು.

"ಅಳಿಯಂದ್ರೇ, ಬೆನ್ನು ನೆಟ್ಟಗೆ. ಯಾಕೆ ಗೂನು? ರಾಜೀ, ಗೆಜ್ಜೆ ಡಬ್ಬಿ ತಗೊಂಬಾ."

ಡಬ್ಬಿ ತೆರೆಯಿತು. ಒಳಗೊಂದು ಗೆಜ್ಜೆ. ರಾಜೀವಿ ಡಬ್ಬಿಯನ್ನು ಬೋರಲು ಹಾಕಿ ಕೊಡವಿದಳು. ಆಗಲೂ ಒಂದೇ.

"ರೀ?"

"ಪಾಲಿಶ್‌ಗೆ ಕೊಟ್ಟಿದ್ದೀನಿ ಕಣೇ. ಸರ್‌ಪ್ರೈಸ್ ಆಗಿರಲಿ ಅಂತ."

"ಒಂದೇ ಕಾಲಿಗೆ ಪಾಲಿಶ್ಶಾ?" ಎಂದರು ಅತ್ತೆ.

"ಎಡಗಾಲಿಂದು ಸ್ವಲ್ಪ ಕಪ್ಪಾಗಿತ್ತು ಅತ್ತೆ."

"ಯಾವ ಅಂಗಡಿ?"

"ಮನಾಮಾದಲ್ಲಿ. ಗುಜರಾತಿ ಸೇಠು."

"ಫೋನ್ ಮಾಡಿ. ಜೋರಾಗಿ ಇಡಿ, ನಾನೂ ಕೇಳಬೇಕು."

ಹರಿಹರನ ಬೆರಳು ತಾನಾಗಿಯೇ ರೊನಾಲ್ಡನ ನಂಬರನ್ನು ಒತ್ತಿತು. "ಸೇಠ್‌ಜೀ ನಮಸ್ತೆ! ನಾನು ಹರಿಹರ. ಅತ್ತೆ ಬಂದಿದ್ದಾರೆ, ಪಕ್ಕದಲ್ಲೇ ಇದ್ದಾರೆ, ಕೇಳಿಸಿಕೊಳ್ತಾ ಇದ್ದಾರೆ! ನಮ್ಮ ಮಗು ಪಾಯಲ್ ಪಾಲಿಶ್ ಆಯ್ತಾ?"

ಚರ್ಚಿನ ವಾರ್ಷಿಕೋತ್ಸವಗಳಲ್ಲಿ ಮಿಮಿಕ್ರಿ ಮಾಡಿ ಬಹುಮಾನ ಹೊಡೆದವನು ರೊನಾಲ್ಡ್. ಕಲಾವಿದ ಎಚ್ಚರಗೊಂಡ. ಮೂಗಿನಿಂದ ಒಂದು ಮುದಿ ದನಿ ಹೊರಟಿತು.

"ಹಾಂ ಭಾಯ್, ಹಾಂ! ಪಾಯಲ್ ಪಾಲಿಶ್ ಮೇಂ ಛೇ. ಏಕ್‌ದಮ್ ಚಕಾಚಕ್ ಕರ್ ದೂಂಗಾ, ಮಾಜೀ ಕೋ ಬೋಲೋ ಫಿಕರ್ ನಹೀಂ!"

ಎಲ್ಲ ಸರಿಯೇ ಇತ್ತು. ತೊಂದರೆಯೆಂದರೆ, ಸೇಠ್‌ಜೀ ಫೋನಿನಲ್ಲಿ ಹೇಳಿದ್ದೆಲ್ಲ ಅಡುಗೆಮನೆಯ ಗೋಡೆಯಿಂದ ಇನ್ನೊಂದು ಸಲ ಕೇಳಿಸುತ್ತಿತ್ತು. ಗೋಡೆಯಾಚೆ ಕುಕ್ಕರು ಕೂಗಿತು, ಫೋನಿನಲ್ಲೂ ಕೂಗಿತು. ಹಿಂದೆಯೇ ರೊನಾಲ್ಡನ ಹೆಂಡತಿ ಮ್ಯಾಗ್ಡಲಿನ್ ದನಿ ಎರಡೂ ಕಡೆಯಿಂದ ಸ್ಟೀರಿಯೋದಲ್ಲಿ ಬಂತು: "ರೊನಾಲ್ಡ್! ಬಂಗುಡೆ ಕರಟಿ ಹೋಗ್ತಾ ಉಂಟು, ನೀವು ಯಾರೊಟ್ಟಿಗೆ ಮೂಗಲ್ಲಿ ಮಾತಾಡೂದು?"

ಫೋನು ಕಟ್ಟಾಯಿತು. ಅತ್ತೆ ಗೋಡೆಯನ್ನು ನೋಡಿದರು, ಫೋನನ್ನು ನೋಡಿದರು, ಕೊನೆಗೆ ಅಳಿಯನನ್ನು ನೋಡಿದರು.

"ಸೇಠು ಅಂಗಡೀಲಿ ಮೀನು ಹುರೀತಾನೇನು?"

"ಗಲ್ಫ್ ಅಲ್ವಾ ಅತ್ತೆ. ಎಲ್ಲಾ ಒಂದೇ ಸೂರಿನಡಿ."

ನೀರಜಾಕ್ಷಿಯವರು ಬೈಯಲಿಲ್ಲ. ಮೂವತ್ತು ವರ್ಷ ಹುಡುಗಿಯರ ಹೊಟ್ಟೆನೋವಿನ ನೆಪ ಕೇಳಿದವರಿಗೆ ಅವಸರವಿಲ್ಲ. ಉಳಿದ ಗೆಜ್ಜೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

"ಇದು ನನ್ನ ಹತ್ರ ಇರುತ್ತೆ. ಶನಿವಾರ ಹುಟ್ಟುಹಬ್ಬ. ದೀಪ ಹಚ್ಚೋ ಹೊತ್ತಿಗೆ ಜೋಡಿ ಬರಬೇಕು. ಒಂಟಿ ಗೆಜ್ಜೆಯಲ್ಲಿ ನಮ್ಮ ಮನೇಲಿ ಯಾರೂ ಮೊದಲ ಹೆಜ್ಜೆ ಇಟ್ಟಿಲ್ಲ. ಅಲ್ಲೀವರೆಗೆ ಮಗೂನ ಯಾರೂ ನೆಲಕ್ಕೆ ಬಿಡಕೂಡದು!"

ತನ್ವಿಯೋ, ಸೋಫಾ ಹಿಡಿದು ನಿಂತು, ಇಂದೋ ನಾಳೆಯೋ ನಡೆದೇ ಬಿಡುವ ಹವಣಿಕೆಯಲ್ಲಿದ್ದಳು. ಅಂದಿನಿಂದ ಆ ಮನೆಯಲ್ಲಿ ಮಗು ಕಂಕುಳಿಂದ ಕಂಕುಳಿಗೆ ರಿಲೇ ಓಟದ ಕೋಲಿನಂತೆ ಸಾಗಿತು. ರಾಜೀವಿ ಸ್ನಾನಕ್ಕೆ ಹೋದರೆ ಮ್ಯಾಗ್ಡಲಿನ್, ಅವಳಿಗೆ ಕೈ ಸೋತರೆ ಅತ್ತೆ. ಗಾಳಿಯಲ್ಲೇ ಕಾಲಾಡಿಸುತ್ತಿದ್ದ ತನ್ವಿ ಸೈಕಲ್ ತುಳಿಯುವವಳಂತೆ ಕಾಣುತ್ತಿದ್ದಳು.

ಶುಕ್ರವಾರ ಅಮೀರಾಳನ್ನು ಸಖೀರ್ ಮರಳುಗಾಡಿನಲ್ಲಿ ಹಾರಿಸುವುದೆಂದು ಮೊದಲೇ ನಿಗದಿಯಾಗಿತ್ತು. ಹಾರಾಟ ಮುಗಿದೊಡನೆ, ತೊಳೆದುಕೊಡುತ್ತೇನೆಂದು ಗೆಜ್ಜೆ ಬಿಚ್ಚಿಕೊಂಡು ಓಡುವುದು ಹರಿಹರನ ಯೋಜನೆ. ಗೆಳೆಯರ ಗಾಡಿಗಳು ಸಾಲಾಗಿ ನಿಂತಿದ್ದವು. ಹಿಶಾಮ್ ಎಲ್ಲರ ಮುಂದೆ ಅಮೀರಾಳ ಬೆನ್ನಿನ ಜಿಪಿಎಸ್ ಬಿಚ್ಚಿ, "ಇದು ಯಂತ್ರ" ಎಂದು ಜೇಬಿಗೆ ಹಾಕಿದರು. ಎಡಗಾಲು ತೋರಿಸಿ "ಇದು ಪರಂಪರೆ!" ಎಂದರು. ಟೋಪಿ ತೆಗೆದು ಹಾರಿಸಿಯೇಬಿಟ್ಟರು.

ಪರಂಪರೆ ಝಲ್ ಝಲ್ ಎನ್ನುತ್ತಾ ಮೇಲೇರಿತು. ಏರಿತು. ಇನ್ನೂ ಏರಿತು. ಎಲ್ಲರೂ ಕಿವಿಗೆ ಅಂಗೈ ಹಿಡಿದು ನಿಂತರು.

"ಕರೆ ಹರಿಹರ್," ಎಂದರು ಹಿಶಾಮ್.

ಹರಿಹರ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದ. ಕರೆಯುವ ಗೆಜ್ಜೆ ರಿಫಾದಲ್ಲಿ ಅತ್ತೆಯ ಸೆರಗಿನಲ್ಲಿತ್ತು. ಕಾರಿನ ಕೀ ಅಲ್ಲಾಡಿಸಿದ. ಅಮೀರಾ ಒಂದು ಸುತ್ತು ಬಂದು ಕೆಳಗೆ ನೋಡಿದಳು. ರೊನಾಲ್ಡ್ ಚಹಾ ಲೋಟದಲ್ಲಿ ಚಮಚ ತಿರುವಿದ. ಅಮೀರಾ ಇನ್ನೊಂದು ಸುತ್ತು ಬಂದಳು, ಆದರೆ ಈ ಸುತ್ತಿನಲ್ಲಿ ತಾತ್ಸಾರವಿತ್ತು.

"ಮಂತ್ರ!" ಎಂದು ಕೂಗಿದರು ಹಿಶಾಮ್. "ಎಲ್ಲರೂ ಹೇಳಿ! ಹದಿನೇಳೊಂದ್ಲೆ ಹದಿನೇಳು!"

ಸಖೀರಿನ ಮರಳಿನಲ್ಲಿ ತೋಬು ಎಂಬ ಬಿಳಿ ನಿಲುವಂಗಿ ತೊಟ್ಟ ಹಿರಿಯರು, ಫೋರ್‌ಮನ್ನು, ರೊನಾಲ್ಡು ಎಲ್ಲರೂ ಮುಗಿಲು ನೋಡುತ್ತಾ ಕನ್ನಡದ ಮಗ್ಗಿ ಹೇಳಿದರು. ಯಾವ ರಾಜ್ಯೋತ್ಸವದಲ್ಲೂ ಕನ್ನಡ ಅಷ್ಟು ಭಕ್ತಿಯಿಂದ ಮೊಳಗಿರಲಾರದು. ಹದಿನೇಳು ನಾಲ್ಕಲೆಗೆ ಬರುವಷ್ಟರಲ್ಲಿ ಅಮೀರಾ ಚುಕ್ಕೆಯಾದಳು. ಐದಲೆಗೆ ಚುಕ್ಕೆಯೂ ಇಲ್ಲ.

ಹಿಶಾಮ್ ರೇಗಿದ್ದರೆ ಹರಿಹರ ತಡೆದುಕೊಳ್ಳುತ್ತಿದ್ದ. ಅವರು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಬೇಜಾರು ಮಾಡಬೇಡ. ಗೆಜ್ಜೆ ಇದೆಯಲ್ಲ. ಹುಡುಕೋಣ. ನಿನ್ನ ಅಜ್ಜ ಇದಕ್ಕೂ ಏನಾದರೂ ಮಾಡುತ್ತಿದ್ದರು."

ಅಜ್ಜ "ಚಿಲ್ರೆ ಇಲ್ಲ" ಎನ್ನುವ ಹೊಸ ಗಿಳಿ ತರುತ್ತಿದ್ದರು.

ಮರುದಿನ ಬೆಳಗಿನಿಂದ ಕಂಪನಿಯ ವ್ಯಾನುಗಳು ಗಾಜು ಇಳಿಸಿಕೊಂಡು, ಡ್ರೈವರುಗಳು ಕಿವಿ ಹೊರಚಾಚಿಕೊಂಡು ಊರು ಸುತ್ತಿದವು. ಫೋರ್‌ಮನ್ ಸನದ್‌ನಲ್ಲಿ ಒಂದು ಜ್ಯೂಸ್ ಅಂಗಡಿಯ ಬಾಗಿಲ ಗಂಟೆಯನ್ನು ಪತ್ತೆಮಾಡಿ ಸುತ್ತುವರಿದ. ಹರಿಹರ ಝಲ್ ಸದ್ದಿನ ಜಾಡು ಹಿಡಿದು ಯಾರದೋ ವಿಲ್ಲಾದ ಗೋಡೆ ಏರಿ, ಕೊರಳಲ್ಲಿ ಗಂಟೆ ಕಟ್ಟಿಕೊಂಡ ದಪ್ಪ ಬೆಕ್ಕೊಂದರ ಎದುರು ಬಿದ್ದ.

"ಯಾರು ನೀನು?" ಎಂದಳು ಮನೆಯಾಕೆ.

"ಗೆಜ್ಜೆ... ಗಿಡುಗ... ಮಗಳದ್ದು... ಅತ್ತೆ ಬಂದಿದ್ದಾರೆ," ಎಂದ ಹರಿಹರ. ಆಕೆಗೆ ಕೊನೆಯ ಎರಡು ಪದದ ದುಃಖ ಹೇಗೋ ಅರ್ಥವಾಯಿತು. ಒಂದು ಬಾಟಲಿ ನೀರು ಕೊಟ್ಟು ಗೇಟಿನವರೆಗೆ ಬಿಟ್ಟಳು.

ಸಂಜೆ ಬಂತು. ಕಟ್ಟಡದ ತಾರಸಿಯ ಮೇಲೆ ಬಲೂನು ಕಟ್ಟಿ, ಕುರ್ಚಿ ಹಾಕಿ, ಮೊಟ್ಟೆಯಿಲ್ಲದ ಕೇಕು ಇಟ್ಟಿದ್ದರು. ಇನ್ನೂ ಬೆಳಕಿತ್ತು. ನೆರೆಯವರೆಲ್ಲ ಸೇರಿದ್ದರು. ತನ್ವಿ ಮ್ಯಾಗ್ಡಲಿನ್ ಕಂಕುಳಲ್ಲಿ ಸೈಕಲ್ ತುಳಿಯುತ್ತಿದ್ದಳು. ಹಿಶಾಮ್ ಅವರನ್ನು ಕರೆದಾಗಿತ್ತು. ಬರುತ್ತಾರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ರಾಜೀವಿ ಗಂಡನ ಪಕ್ಕಕ್ಕೆ ಬಂದು, ಹಲ್ಲು ಕಚ್ಚಿ ನಗುತ್ತಾ, "ಈಗಲಾದ್ರೂ ಹೇಳಿ, ಎಲ್ಲಿದೆ?" ಎಂದಳು.

"ಮೇಲಿದೆ," ಎಂದ ಹರಿಹರ ಆಕಾಶ ನೋಡುತ್ತಾ.

"ಅಯ್ಯೋ ದೇವರೇ. ಸೇಠು ತೀರಿಕೊಂಡ್ರಾ?"

ಅಷ್ಟರಲ್ಲಿ ನೀರಜಾಕ್ಷಿಯವರು ತಾರಸಿಯ ನಡುವೆ ಬಂದು ನಿಂತರು. ಸೀರೆ, ಮೇಲೆ ಜಾಕೆಟ್ಟು, ಸೂರ್ಯನ ಓರೆ ಬೆಳಕಿಗೆ ಫಳಫಳಿಸುವ ಪಟ್ಟಿಗಳು. ಸೆರಗಿನ ಗಂಟು ಬಿಚ್ಚಿ ಗೆಜ್ಜೆ ತೆಗೆದರು.

"ಅಳಿಯಂದ್ರೇ, ಮುಂದೆ ಬನ್ನಿ. ಅಟೆನ್‌ಷನ್!"

ಹರಿಹರ ಮುಂದೆ ಬಂದ. ಜೊತೆಗೆ ಇನ್ನಿಬ್ಬರು ನೆರೆಯವರೂ ಯಾಕೋ ನೆಟ್ಟಗೆ ನಿಂತರು.

"ಎಲ್ಲರೆದುರು ಕೇಳ್ತಾ ಇದೀನಿ." ಅತ್ತೆ ತೋಳು ನೀಳವಾಗಿ ಚಾಚಿ, ಗೆಜ್ಜೆಯನ್ನು ಅಳಿಯನ ಮೂಗಿನ ಮುಂದೆ ಹಿಡಿದು ಝಲ್ ಎಂದು ಅಲ್ಲಾಡಿಸಿದರು. "ಇದರ ಜೋಡಿ ಎಲ್ಲಿ?" ಝಲ್! "ನಿಮ್ಮ ಮೂಗಿನ ಸೇಠು ಎಲ್ಲಿ?" ಝಲ್! "ಹೇಳಿ, ಇದರ ಜೋಡಿ ಎಲ್ಲಿ?" ಝಲ್, ಝಲ್, ಝಲ್!

ಹರಿಹರ ಅಭ್ಯಾಸದಂತೆ ಕಣ್ಣು ಬಿಗಿಯಾಗಿ ಮುಚ್ಚಿ ಮುಖ ಆ ಕಡೆ ತಿರುಗಿಸಿದ.

ಆಗ ಆಕಾಶದಿಂದ ಉತ್ತರ ಬಂತು. ಝಲ್.

ಎಲ್ಲರೂ ಮೇಲೆ ನೋಡಿದರು. ನೀರಿನ ಟ್ಯಾಂಕಿನಾಚೆಯಿಂದ ಕಂದು ಬಾಣವೊಂದು ಬಲೂನುಗಳ ನಡುವೆ ತೂರಿ, ಎರಡು ಬಲೂನು ಒಡೆದು, ಕೇಕಿನ ಮೇಲಿನ ಮೇಣದಬತ್ತಿಯನ್ನು ರೆಕ್ಕೆಗಾಳಿಯಲ್ಲೇ ಆರಿಸಿ, ನೀರಜಾಕ್ಷಿಯವರ ಚಾಚಿದ ತೋಳಿನ ಮೇಲೆ, ಹೊಳೆಯುವ ಪಟ್ಟಿಗೆ ಸರಿಯಾಗಿ ಕಾಲೂರಿ ಕೂತಿತು. ಎಡಗಾಲಿನಲ್ಲಿ, ಕಪ್ಪು ದಾರದ ಗಂಟಿನಲ್ಲಿ, ಗೆಜ್ಜೆ.

ನೆರೆಯವರಲ್ಲಿ ಅರ್ಧ ಜನ ಮೇಜಿನಡಿ ಹೋದರು. ನೀರಜಾಕ್ಷಿಯವರ ತೋಳು ಒಂದಿಷ್ಟೂ ಅಲ್ಲಾಡಲಿಲ್ಲ. ಬಿಸಿಲಲ್ಲಿ ಸಾಲುಸಾಲು ಹುಡುಗಿಯರನ್ನು ಕೈ ಚಾಚಿಸಿ ನಿಲ್ಲಿಸಿ, ತಾವೂ ಹಾಗೇ ನಿಂತ ತೋಳು ಅದು. ಗಿಡುಗವನ್ನು ಮೇಲಿಂದ ಕೆಳಗೆ ನೋಡಿದರು. ಗಿಡುಗ ಅವರನ್ನು ಕೆಳಗಿಂದ ಮೇಲೆ ನೋಡಿತು.

"ಬೆನ್ನು ನೆಟ್ಟಗಿದೆ," ಎಂದರು ಅತ್ತೆ. ಆಮೇಲೆ ಕಾಲಿನ ಕಡೆ ಬಗ್ಗಿದರು. "ಈ ಗಂಟು ಯಾರ್ದು? ಉಡಿದಾರದ ಗಂಟು! ಅಳಿಯಂದ್ರೇ, ಇದೇನಾ ನಿಮ್ಮ ಪಾಲಿಶ್ಶು?"

"ಅತ್ತೆ, ಅದು... ನಮ್ಮ ಅಜ್ಜ ಮೈಸೂರು ಅರಮನೇಲಿ..."

"ಚಿಲ್ರೆ ಅಂಗಡಿ ಅಜ್ಜನಾ?"

ಅಮೀರಾ ಊಟಕ್ಕಾಗಿ ಕೊಕ್ಕು ತೆರೆದಳು. ರಾಜೀವಿ ಗಾಬರಿಯಲ್ಲಿ ಕೋಡುಬಳೆ ಚಾಚಿದಳು. 'ಇದೇನು, ಇನ್ನೊಂದು ಕಾಲಿಗೆ ಬಳೆಯೋ' ಎಂಬಂತೆ ಅಮೀರಾ ಅದನ್ನು ನೋಡಿದಳು. "ಹಿಡ್ಕೊಂಡಿರಿ ಅಮ್ಮ, ಬಂದೆ!" ಎಂದು ರೊನಾಲ್ಡ್ ಮೆಟ್ಟಿಲು ಹಾರಿ ಇಳಿದು, ಭಾನುವಾರದ ಸುಕ್ಕಕ್ಕೆ ತಂದಿಟ್ಟ ಹಸಿ ಕೋಳಿಯ ತೊಡೆ ಹಿಡಿದು ಓಡಿ ಬಂದ. ಅವನ ಬೆನ್ನಿಗೇ, ಲಿಫ್ಟಿನಿಂದ ಉಡುಗೊರೆಯ ಪೊಟ್ಟಣ ಹಿಡಿದು, ಸಪ್ಪೆ ಮುಖದ ಹಿಶಾಮ್ ಹೊರಬಂದರು.

ಪೊಟ್ಟಣ ಕೆಳಗೆ ಬಿತ್ತು.

ಅವರು ಕಂಡದ್ದು ಇದು: ಮುಳುಗುವ ಸೂರ್ಯನ ಎದುರು, ಫಳಗುಟ್ಟುವ ಜಾಕೆಟ್ಟಿನಲ್ಲಿ ಕಂಬದಂತೆ ನಿಂತ ಹಿರಿಯ ಹೆಂಗಸು, ಅವರ ತೋಳಿನ ಮೇಲೆ, ಹೇಳಿದ ಮಾತು ಕೇಳುವ ಹುಡುಗಿಯಂತೆ ಕೂತು ಉಣ್ಣುತ್ತಿರುವ ಅಮೀರಾ.

"ಸುಭಾನಲ್ಲಾ," ಎಂದರು ಹಿಶಾಮ್. ಮೆಲ್ಲಗೆ ಹತ್ತಿರ ಬಂದು, ಭಕ್ತಿಯಿಂದ, "ಹದಿನೇಳೊಂದ್ಲೆ ಹದಿನೇಳು. ಹದಿನೇಳೆರಡ್ಲೆ ಮೂವತ್ತನಾಲ್ಕು. ಹದಿನೇಳ್ಮೂರ್ಲೆ ಐವತ್ತೆರಡು."

"ಐವತ್ತೊಂದು!" ಗದರಿದರು ನೀರಜಾಕ್ಷಿ.

ಹಿಶಾಮ್ ಕಣ್ಣಲ್ಲಿ ನೀರಾಡಿತು. ಅವರು ಹರಿಹರನ ಕಡೆ ತಿರುಗಿದರು. "ಮಂತ್ರವೂ ಇವರಿಗೆ ಗೊತ್ತು! ತಪ್ಪನ್ನೂ ಹಿಡಿದರು! ಹರಿಹರ್, ವಿದ್ಯೆ ನಿನ್ನ ಅಜ್ಜನದಲ್ಲ, ಈ ತಾಯಿಯದು. ಯಾಕೆ ಮುಚ್ಚಿಟ್ಟೆ?"

"ಏನಂತೆ?" ಎಂದರು ಅತ್ತೆ.

"ನೀವು ಮುಂಚೆ ಎಂತ ಕೆಲ್ಸ ಮಾಡ್ತಿದ್ರಿ ಅಂತ ಕೇಳ್ತಿದ್ದಾರೆ ಅಮ್ಮ," ಎಂದ ರೊನಾಲ್ಡ್.

"ಹೆಣ್ಣುಮಕ್ಕಳ ಹೈಸ್ಕೂಲಲ್ಲಿ ಡ್ರಿಲ್ ಟೀಚರು ಅಂತ ಹೇಳಪ್ಪ."

ಇಂಥ ಅವಕಾಶ ಕಲಾವಿದನಿಗೆ ಜನ್ಮದಲ್ಲಿ ಒಮ್ಮೆ ಸಿಗುವುದು. ರೊನಾಲ್ಡ್ ಗಂಟಲು ಸರಿಪಡಿಸಿಕೊಂಡು ಹಿಂದಿಯಲ್ಲಿ ನಿವೇದಿಸಿದ: "ಸಾಹೇಬ್ರೇ, ಹಾರಾಡುವವರನ್ನೆಲ್ಲ ನೆಲಕ್ಕಿಳಿಸಿ ಸಾಲಾಗಿ ನಿಲ್ಲಿಸುವುದೇ ಇವರ ಜೀವಮಾನದ ಉದ್ಯೋಗ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಈ ಇಡೀ ಪ್ರಕರಣದಲ್ಲಿ ಹಿಶಾಮ್ ಅವರಿಗೆ ಯಾರಾದರೂ ಹೇಳಿದ ಮೊದಲ ನಿಜ ಅದು.

ಅತ್ತೆ ಹಲ್ಲಿನಿಂದ ಕಪ್ಪು ದಾರ ಕಡಿದು, ಗೆಜ್ಜೆ ಬಿಚ್ಚಿ, ರಾಜೀವಿಯಿಂದ ತೊಳೆಸಿ, ಜೋಡಿ ಮಾಡಿ ಮೊಮ್ಮಗಳ ಕಾಲಿಗೆ ಕಟ್ಟಿದರು. ಮೊದಲು ಅಮೀರಾಗೆ ಟೋಪಿ ಹಾಕಿಸುವುದನ್ನು ಮರೆಯಲಿಲ್ಲ. ನೆಲ ಮುಟ್ಟಿದ್ದೇ ತಡ, ಎಷ್ಟೋ ದಿನದ ಬಾಕಿ ಹೆಜ್ಜೆಗಳನ್ನೆಲ್ಲ ಒಟ್ಟಿಗೆ ತೀರಿಸುವವಳಂತೆ ತನ್ವಿ ಝಲ್ ಝಲ್ ಎಂದು ನಡೆದು, ನೇರ ಹೋಗಿ ಕೇಕಿನ ಮೇಜಿನ ಬಟ್ಟೆ ಎಳೆದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆ ಅತ್ತ ತಿರುಗಿ ಮೂಗು ಒರೆಸಿಕೊಂಡರು. ಹರಿಹರನಿಗೆ ಆ ಕ್ಷಣದಲ್ಲಿ ತಾನು ಪಾರಾದೆ ಅನಿಸಿತು. ಅತ್ತೆಯ ವಾಪಸ್ ಟಿಕೆಟ್ಟು ಮುಂದಿನ ವಾರಕ್ಕೇ ಇತ್ತು.

"ವೀಸಾ," ಎಂದರು ಹಿಶಾಮ್. "ತಾಯಿಯ ವೀಸಾ ನಾನು ಮುಂದುವರಿಸುತ್ತೇನೆ. ಚಳಿಗಾಲ ಮುಗಿಯುವವರೆಗೆ ಅಮೀರಾಳ ಶಿಕ್ಷಣ ಇವರದೇ."

ರೊನಾಲ್ಡ್ ಇದನ್ನು ಮಾತ್ರ ಅಕ್ಷರಶಃ ಅನುವಾದಿಸಿದ.

ನೀರಜಾಕ್ಷಿಯವರು ಯೋಚಿಸಿದರು. "ಶಿಸ್ತು ಅನ್ನೋದು ಒಂದು ವಾರದಲ್ಲಿ ಬರಲ್ಲ," ಎಂದರು ಗಿಡುಗದ ಕಡೆ ನೋಡಿ. ಆಮೇಲೆ ಅಳಿಯನ ಕಡೆ ನೋಡಿ, "ಕೆಲವರಿಗೆ ಚಳಿಗಾಲವೂ ಸಾಲದು."

ಈಗ ಶುಕ್ರವಾರ ಶುಕ್ರವಾರ ಸಖೀರಿನಲ್ಲಿ "ಅಟೆನ್‌ಷನ್" ಎಂಬ ಕೂಗು ಕೇಳುತ್ತದೆ. ಹಕ್ಕಿ ಇಳಿಯುತ್ತದೆ, ತೋಬಿನ ಹಿರಿಯರು ಸಾಲಾಗಿ ನಿಲ್ಲುತ್ತಾರೆ, ಫೋರ್‌ಮನ್ ಹಾಜರಿ ಹೇಳುತ್ತಾನೆ. ಮಗ್ಗಿ ಹತ್ತೊಂಬತ್ತಕ್ಕೆ ಬಂದಿದೆ. ಅಮೀರಾಗೆ ಗೆಜ್ಜೆ ಬೇಡವೆಂದು ಅತ್ತೆಯೇ ತೀರ್ಮಾನಿಸಿ, ಬೆನ್ನಿಗೆ ಜಿಪಿಎಸ್ ಮರಳಿ ಕಟ್ಟಿಸಿದ್ದಾರೆ.

ಊರಿಂದ ತಡವಾಗಿ ಬಂದ ಹೊಸ ಗೆಜ್ಜೆ ಹಾಗೇ ಉಳಿದಿತ್ತು. ಅದನ್ನು ಅತ್ತೆ ಹರಿಹರನ ಕೀ ಗೊಂಚಲಿಗೆ ಕಟ್ಟಿದ್ದಾರೆ, ಸ್ವತಃ, ಉಡಿದಾರದ ಗಂಟಿನಲ್ಲಿ. ಬೀರು ಇರುವ ಕೋಣೆಯ ಕಡೆ ಅವನು ಒಂದು ಹೆಜ್ಜೆ ಇಟ್ಟರೂ ಸಾಕು, ಝಲ್ ಎನ್ನುತ್ತದೆ; ಅಡುಗೆಮನೆಯಿಂದ ದನಿ ಬರುತ್ತದೆ:

"ಅಳಿಯಂದ್ರೇ, ಎಲ್ಲಿಗೆ?"